ಓಣಿಯಲ್ಲಿ ಬಿಟ್ಟ ಕೋಲುಗಳು

ಆ ದಿನ ಇವರು ಕಾಡಿನಿಂದ ಬಂದಾಗ ಬೆರಳ ತುಂಬ ರಕ್ತ. ಮರಕುಟಿಗ ಕುಕ್ಕಿತ್ತು. ಬಲೆಗೆ ಬಿದ್ದ ಬೇರೆ ಹಕ್ಕಿಗಳು ಹೆದರಿ ಮುದುಡಿಕೊಳ್ಳುತ್ತವೆ. ಮರಕುಟಿಗ ಮಾತ್ರ ಜಗಳಕ್ಕೇ ಬರುತ್ತದೆ. ಅದನ್ನು ಬಿಡಿಸಿದ ದಿನ ಇವರ ಕೈ ಹೀಗೇ ಆಗುತ್ತಿತ್ತು.

"ಮದ್ದು ಹಚ್ಲಾ?" ಅಂದೆ.

"ಬೇಡ ಬಿಡೇ. ನೀನು ಕಚ್ಚಿದ್ದಕ್ಕಿಂತ ಕಮ್ಮೀನೇ ಇದೆ."

"ಮಗಳಿದಾಳೆ ಒಳಗೆ. ಬಾಯಿ ಮುಚ್ಕೊಳ್ಳಿ."

"ನಂಗೇನೂ ಕೇಳಿಸ್ಲಿಲ್ಲಪ್ಪ," ಅಂತ ಮಗಳು ಒಳಗಿಂದಲೇ ಕೂಗಿದಳು.

ನಕ್ಕೆವು. ಉಂಡೆವು. ಆಮೇಲೆ ಜಗುಲಿಯ ಮೇಲೆ ಹರಿದ ಬಲೆ ಹರಡಿಕೊಂಡು ಕೂತೆವು. ಆ ಬಲೆಯ ದಾರ ಕೂದಲಿನ ಹಾಗೆ. ಬಿಸಿಲಿಗೆ ಹಿಡಿದರೆ ಕಾಣುತ್ತದೆ, ನೆರಳಿಗೆ ಹಿಡಿದರೆ ಇಲ್ಲ. ಅವರು ತುದಿ ಎಳೆದು ಹಿಡಿದರು, ನಾನು ತೂತು ಹೊಲಿದೆ. ಅವತ್ತು ಅವರಿಗೆ ಬಹಳ ಖುಷಿ. ಬಲೆಗೆ ಒಂದು ನೆಲಸಿಳ್ಳಾರ ಸಿಕ್ಕಿತ್ತು. ಪೊದೆಯ ಕೆಳಗೆ ತರಗೆಲೆ ಕೆದಕಿ ಹುಳ ತಿನ್ನುವ ಹಕ್ಕಿ ಅದು. ಎದೆ ಕಿತ್ತಳೆ ಬಣ್ಣ, ಹಾಡು ಇಂಪು. ಅದರ ಕಾಲಲ್ಲಿ ಇವರೇ ಹಿಂದೊಮ್ಮೆ ಹಾಕಿದ ಉಂಗುರ ಇತ್ತಂತೆ.

"ನಮ್ಮ ಮಗಳು ಅಂಬೆಗಾಲಿಡೋವಾಗ ಹಾಕಿದ್ದು ಕಣೇ. ಇನ್ನೂ ಕಾಡಲ್ಲಿ ಅದೇ ಓಣೀಲೇ ಸಂಸಾರ ಮಾಡ್ಕೊಂಡಿದಾಳೆ ಮುದುಕಿ."

"ನಂಗಿಂತ ಅವಳ ಮೇಲೇ ಪ್ರೀತಿ ನಿಮಗೆ."

"ಅವಳು ಬಯ್ಯಲ್ಲ."

ನಮ್ಮ ಮನೆಗೂ ಭಾವನ ಮನೆಗೂ ನಡುವೆ ಎದೆಮಟ್ಟದ ಗೋಡೆ. ಓರಗಿತ್ತಿ ಅದರ ಮೇಲಿಂದ ತಲೆ ಹಾಕಿದಳು.

"ಸಣ್ಣ ಸೂಜಿ ಇದ್ರೆ ಕೊಡೇ. ನಂದು ಮುರೀತು."

ಕೊಡಲು ಎದ್ದೆ. ಇವರು ನನ್ನ ಕೈ ಹಿಡಿದು ಕೂರಿಸಿದರು.

"ಅತ್ತಿಗೆ, ಆ ಕೆಲ್ಸಕ್ಕೆ ನಮ್ಮನೆ ಸೂಜಿ ಕೇಳ್ಬೇಡಿ."

ಅವಳ ಮುಖ ಸಪ್ಪಗಾಯಿತು. "ನಂಗೇನು ಖುಷೀನಾಪ್ಪ ಅದು?" ಅಂದು ಒಳಗೆ ಹೋದಳು.

ಸುಖದ ದಿನ ಅಂದರೆ ನನಗೆ ಅದೇ ಕಡೆಯದು.

ಆ ಕೆಲಸ ಏನೆಂದು ಹೇಳಿಬಿಡುತ್ತೇನೆ. ನನ್ನ ಮಾವ ಹಕ್ಕಿ ಹಿಡಿಯುವವನು. ಹಾಡುವ ಹಕ್ಕಿಗಳನ್ನು ಹಿಡಿದು ಪೇಟೆಯಲ್ಲಿ ಮಾರುತ್ತಿದ್ದ. ಒಂದು ಹಕ್ಕಿಯನ್ನು ಬಲೆಯ ಹತ್ತಿರ ಕಟ್ಟಿ ಕೂರಿಸಿದರೆ ಅದರ ಕೂಗು ಕೇಳಿ ಬೇರೆಯವು ಬಂದು ಬೀಳುತ್ತವೆ. ಅದಕ್ಕೆ ಕರೆಹಕ್ಕಿ ಅನ್ನುತ್ತಾರೆ. ಕರೆಹಕ್ಕಿ ಹೆದರಿ ಒದ್ದಾಡಬಾರದು ಅಂತ ಅದರ ಕಣ್ಣಿನ ರೆಪ್ಪೆಗಳನ್ನು ಹೊಲಿಯುತ್ತಾರೆ. ಸೂಜಿ, ಒಂದೆಳೆ ದಾರ. ಮಾವ ಇಬ್ಬರು ಗಂಡುಮಕ್ಕಳಿಗೂ ಇದನ್ನು ಕಲಿಸಲು ಕೂರಿಸಿದ. ದೊಡ್ಡವನು ಬೇಗ ಕಲಿತ. ನನ್ನ ಗಂಡ ಹೊಲಿಯದೆ ಹಕ್ಕಿಯನ್ನು ಹಾರಿಬಿಟ್ಟರು. ಮಾವ ಅವರ ಕೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಎಳೆದ. ಎರಡು ಬೆರಳಿನ ಮೂಳೆ ಸೊಟ್ಟಗೆ ಕೂಡಿಕೊಂಡಿತು.

ಅದೇ ಸೊಟ್ಟ ಬೆರಳಲ್ಲಿ ಮುಂದೆ ಬಲೆಯಿಂದ ಹಕ್ಕಿ ಬಿಡಿಸಿದರು. ಒಂದು ಪುಕ್ಕವೂ ಉದುರುತ್ತಿರಲಿಲ್ಲ. ಊರು ಅವರನ್ನು ಹತ್ತಿಕೈ ಅಂತ ಕರೆಯಿತು. ಅವರ ಅಣ್ಣ ಅಂಟಣ್ಣ, ಕೊಂಬೆಗೆ ಅಂಟು ಬಳಿದು ಹಕ್ಕಿ ಹಿಡಿಯುತ್ತಿದ್ದನಲ್ಲ, ಅದಕ್ಕೆ. ನಾನು ಅವನನ್ನು ಭಾವ ಅನ್ನುತ್ತಿದ್ದೆ, ಬಹುವಚನ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ.

ಹಳ್ಳದ ಆಚೆ ಒಂದು ಕಾಡು. ಒಂದು ಕಾಲಕ್ಕೆ ಅದನ್ನು ಬುಡಮಟ್ಟ ಕಡಿದಿದ್ದರಂತೆ. ಆಮೇಲೆ ಅರಣ್ಯ ಇಲಾಖೆ ಅದನ್ನು ಮುಚ್ಚಿತು. ಸೌದೆ ತರುವಂತಿಲ್ಲ, ದನ ಬಿಡುವಂತಿಲ್ಲ, ಪೊದೆ ಸವರುವಂತಿಲ್ಲ, ಒಣಗಿದ ಮರವನ್ನೂ ಮುಟ್ಟುವಂತಿಲ್ಲ. ಪೊದೆಯಲ್ಲಿ ನೆಲಸಿಳ್ಳಾರ ಬದುಕುತ್ತದೆ, ಒಣಮರದ ಪೊಟರೆಯಲ್ಲಿ ಮರಕುಟಿಗ. ಹೀಗೆ ಬಿಟ್ಟರೆ ಹಕ್ಕಿಗಳು ವಾಪಸ್ ಬರುತ್ತವಾ, ಬಂದವು ನಿಲ್ಲುತ್ತವಾ ಅಂತ ನೋಡಲು ಒಬ್ಬ ಮೇಡಂ ಬಂದರು. ಹಕ್ಕಿ ಹಿಡಿದು ತೂಗುವುದು, ರೆಕ್ಕೆ ಅಳೆಯುವುದು, ಅಂಕಿ ಇರುವ ಉಂಗುರ ಕಾಲಿಗೆ ಹಾಕಿ ಬಿಡುವುದು. ನಾವೆಲ್ಲ ಅವರನ್ನು ಅಳತೆ ಮೇಡಂ ಅನ್ನುತ್ತಿದ್ದೆವು. ಉಂಗುರದ ಹಕ್ಕಿ ಮತ್ತೆ ಮತ್ತೆ ಅಲ್ಲೇ ಸಿಕ್ಕರೆ ಕಾಡು ಬದುಕಿತು ಅಂತ ಲೆಕ್ಕ. ಬೇರೆ ಕಾಡನ್ನೂ ಹೀಗೇ ಬಿಡುತ್ತಾರೆ. ಸಿಗದಿದ್ದರೆ ಇದನ್ನೂ ಮರದ ಕಂಟ್ರಾಕ್ಟರನಿಗೆ ಕೊಡುತ್ತಾರೆ. ಹಕ್ಕಿ ಬಿಡಿಸುವ ಕೈ ಬೇಕು ಅಂತ ಮೇಡಂ ಕೇಳಿದಾಗ ಊರವರು ಇವರನ್ನು ತೋರಿಸಿದರು.

ಬಲೆ ಕಟ್ಟಲು ಪೊದೆಯ ನಡುವೆ ಒಬ್ಬರು ನಡೆಯುವಷ್ಟು ಓಣಿ ಬಿಡಿಸಿ, ಎರಡು ತುದಿಗೂ ಕಬ್ಬಿಣದ ಮೊನೆಯ ಕೋಲು ನೆಡಬೇಕು. ಮೊದಲೆಲ್ಲ ಕೋಲನ್ನು ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬರುತ್ತಿದ್ದರು. ಉದ್ದದ ಕೋಲು ಪೊದೆಗೆಲ್ಲ ತಾಗುತ್ತದೆ. ಒಂದು ದಿನ ಇವರ ಕೋಲು ಬಡಿದೇ ಗೂಡು ಬಿತ್ತು, ಮರಿಗಳು ಕಾಲಡಿಗೆ ಸಿಕ್ಕವು. ಅವತ್ತು ಅವರು ಉಣ್ಣಲಿಲ್ಲ. ಮಾರನೇ ದಿನ "ಕೋಲು ಅಲ್ಲೇ ಇರ್ಲಿ ಮೇಡಂ, ಬಲೆ ಮಾತ್ರ ಬಿಚ್ಕೊಂಡು ಬರೋಣ" ಅಂದರು. ಮೇಡಂಗೂ ಸರಿ ಅನ್ನಿಸಿತು. ಕೋಲು ಓಣಿಯಲ್ಲೇ ಉಳಿಯಿತು.

ಅದೇ ಕುತ್ತಿಗೆಗೆ ಬಂತು. ಹಕ್ಕಿ ಹಾರುವ ದಾರಿ ಹುಡುಕಿ, ಓಣಿ ಬಿಡಿಸಿ, ಕೋಲು ನೆಟ್ಟು ಕಳ್ಳನಿಗೆ ಅಡಿಗೆ ಮಾಡಿ ಬಡಿಸಿಟ್ಟ ಹಾಗಾಯಿತು. ಅವನು ಬಲೆ ತಂದು ಸಿಕ್ಕಿಸಿದರೆ ಸಾಕು. ಇದು ಇವರಿಗೆ ಹೊಳೆಯಲಿಲ್ಲ. ಯಾಕೆಂದರೆ ಅಣ್ಣತಮ್ಮಂದಿರ ನಡುವೆ ಒಂದು ಮಾತಾಗಿತ್ತು. ನೀನು ಏನು ಹಿಡಿದರೂ ಹಳ್ಳದ ಈಚೆ ಹಿಡಿ, ಹಳ್ಳ ದಾಟಬೇಡ. ಅಣ್ಣ ತಮ್ಮನ ತಲೆ ಮುಟ್ಟಿ ಹೂಂ ಅಂದಿದ್ದ.

ಓರಗಿತ್ತಿ ಸೂಜಿ ಕೇಳಿದ ಮಾರನೇ ದಿನ ಮಧ್ಯಾಹ್ನ ಇವರು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು. ರೇಂಜರ್ ಸಾಹೇಬರ ಜೀಪು ಬಂದು ಬಾಗಿಲಿಗೆ ನಿಂತಿತು. ಅಳತೆ ಮೇಡಂ ಕೂಡ ಇಳಿದರು. ಸಾಹೇಬರು ಒಂದು ರಟ್ಟಿನ ಪೆಟ್ಟಿಗೆ ತಂದು ಬೀದಿಯಲ್ಲೇ ಬಿಚ್ಚಿದರು. ಬಸ್ಸಿನಲ್ಲಿ ಸಿಕ್ಕಿದ್ದಂತೆ. ಒಳಗೆ ಹಕ್ಕಿಗಳು, ಹಣ್ಣು ಜೋಡಿಸಿದ ಹಾಗೆ ಒತ್ತೊತ್ತಾಗಿ ಜೋಡಿಸಿದ್ದು. ಬಹಳಷ್ಟು ಸತ್ತಿದ್ದವು. ಕಾಲುಗಳು ಮುರಿದು ಜೋತಾಡುತ್ತಿದ್ದವು. ಇಕ್ಕಳ ಹಾಕಿ ಉಂಗುರ ಕಿತ್ತಿದ್ದರು. ಒಂದರ ಕಾಲಲ್ಲಿ ಮಾತ್ರ ಉಂಗುರ ಉಳಿದಿತ್ತು. ಮೇಡಂ ಅದರ ಅಂಕಿ ಓದಿದರು. ಹಿಂದಿನ ದಿನ ಬಿಟ್ಟಿದ್ದ ಮುದುಕಿ ಹಕ್ಕಿ ಅದೇ. ಕುತ್ತಿಗೆ ತಿರುಚಿಹೋಗಿತ್ತು.

"ಓಣಿ ಎಲ್ಲಿದೆ ಅಂತ ಗೊತ್ತಿರೋದು ಯಾರಿಗೋ?" ಅಂದರು ಸಾಹೇಬರು.

"ನಂಗೂ ಮೇಡಂಗೂ."

"ಕೋಲು ಅಲ್ಲೇ ಬಿಡೋಣ ಅಂದಿದ್ದು ಯಾರು?"

"ನಾನೇ. ಆದ್ರೆ ಸಾಹೇಬ್ರೆ..."

ಕೆನ್ನೆಗೆ ಬಿತ್ತು. ಇವರು ತೂರಾಡಿ ಜಗುಲಿ ಹಿಡಿದುಕೊಂಡರು. ಇನ್ನೊಂದು ಬಿತ್ತು. ತುಟಿ ಒಡೆಯಿತು. ಎದುರುಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ. ಸೈಕಲ್ ಅಂಗಡಿಯವನು ನೋಡುತ್ತಿದ್ದ. ಬೀದಿಗೆ ಬೀದಿಯೇ ನೋಡುತ್ತಿತ್ತು.

"ಹಕ್ಕಿ ಹಿಡಿಯೋನ ಮಗ ನೀನು. ಬುದ್ಧಿ ಎಲ್ಲಿಗೆ ಹೋಗತ್ತೆ?" ಬೂಟುಗಾಲಲ್ಲಿ ಒದ್ದರು. "ಕಳ್ಳ ನನ್ಮಗನೆ."

"ಸರ್, ಹೊಡೀಬೇಡಿ," ಅಂದರು ಮೇಡಂ. ಇವನು ಅಂಥವನಲ್ಲ ಅಂತ ಮಾತ್ರ ಅನ್ನಲಿಲ್ಲ. ಇವರು ಮೇಡಂ ಮುಖವನ್ನೇ ನೋಡುತ್ತಿದ್ದರು, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ. ಒದ್ದದ್ದಕ್ಕಿಂತ ಅದು ಹೆಚ್ಚು ತಾಗಿತು ಅಂತ ನನಗೆ ಗೊತ್ತು.

ಜೀಪು ಹೋಯಿತು. ಇವರು ಬಾಯಿ ಮುಕ್ಕಳಿಸಿ ಉಗುಳಿದರು. ನೀರು ಕೆಂಪಾಗಿತ್ತು.

"ನಾನು ಕಳ್ಳ ಅಲ್ಲ ಅಂತ ನಿಂಗೊತ್ತಲ್ಲ?"

"ಗೊತ್ತು ರೀ."

"ನಿಂಗೊಬ್ಳಿಗೆ ಗೊತ್ತಿದ್ರೆ ಸಾಲ್ದು," ಅಂದರು. ಗೋಡೆ ಹಾರಿ ಅಣ್ಣನ ಹಿತ್ತಲಿಗೆ ಇಳಿದರು. ಮಗಳನ್ನು ಒಳಗೆ ಕೂಡಿಹಾಕಿ ನಾನೂ ಹಾರಿದೆ.

ಅಂಟಣ್ಣ ಕೊಟ್ಟಿಗೆಯಲ್ಲಿ ಕೂತು ಬಲೆ ಮಡಚುತ್ತಿದ್ದ. ಹಿಂದೆ ಗೋಣಿ ಮುಚ್ಚಿದ ಪಂಜರಗಳು. ಕಾಲಡಿಯಲ್ಲಿ ಇಕ್ಕಳ, ಚಪ್ಪಟೆಯಾದ ಉಂಗುರಗಳು, ಹುರಿದ ಕಾಳಿನ ಸಿಪ್ಪೆಯ ಹಾಗೆ ಚೆಲ್ಲಿದ್ದವು. ಓಣಿಯ ಕೋಲೊಂದನ್ನು ಕಿತ್ತು ತಂದು ಗೋಡೆಗೆ ಒರಗಿಸಿದ್ದ.

"ಹಳ್ಳ ದಾಟಲ್ಲ ಅಂದಿದ್ದೆ ಅಣ್ಣ."

"ನೀನು ಕೋಲು ನೆಟ್ಟಿದ್ದೆಯಲ್ಲ, ಕರೆದಂಗಿತ್ತು. ತಮ್ಮ ಅಂದ್ರೆ ನಿನ್ನಂಗಿರ್ಬೇಕು ನೋಡು." ನಕ್ಕ.

"ನನ್ನನ್ನ ಕಳ್ಳ ಅಂತಿದಾರೆ. ಎದ್ದು ಬಾ. ನಾನು ಮಾಡಿದ್ದು ಅಂತ ಸಾಹೇಬ್ರಿಗೆ ಹೇಳು."

"ಜೈಲಿಗೆ ನಾನು ಹೋಗ್ಬೇಕಾ ನಿನ್ನ ಮರ್ಯಾದೆಗೆ? ಅದ್ರ ಬದ್ಲು ಪಾಲು ತಗೋ. ಹೆಂಗೂ ಕಳ್ಳ ಅಂತ ಆಗೋಗಿದೆ."

ಇವರು ಗೋಣಿ ಎಳೆದು ಎಸೆದರು. ಒಂದು ಪಂಜರದ ಬಾಗಿಲು ತೆಗೆದರು. ಹಕ್ಕಿ ಹೋಯಿತು. ಇನ್ನೊಂದು ತೆಗೆದರು. ಅಂಟಣ್ಣ "ಲೇ, ಲೇ" ಅಂದ. ಮೂಲೆಯಲ್ಲಿ ಕಣ್ಣು ಹೊಲಿದ ಕರೆಹಕ್ಕಿ ಇತ್ತು. ಬಾಗಿಲು ತೆಗೆದರೂ ಅದು ಹೋಗಲಿಲ್ಲ, ಕಾಣಬೇಕಲ್ಲ. ಇವರು ಎರಡೂ ಕೈ ಒಳಗೆ ಹಾಕಿ ಅದನ್ನು ತೆಗೆಯಲು ಬಗ್ಗಿದರು. ಆಗ ಅಂಟಣ್ಣ ಕೋಲು ತೆಗೆದುಕೊಂಡ. ಬೆನ್ನಿಗೆ ಒಂದು ಹೊಡೆದ. ಇವರು ಮಂಡಿಯೂರಿದರು, ಕೈ ಆಚೆ ತೆಗೆಯಲಿಲ್ಲ. ಅವನು ಕೋಲು ತಿರುಗಿಸಿದ. ಕಬ್ಬಿಣದ ಮೊನೆಯಿಂದ ಕುತ್ತಿಗೆಗೆ ಚುಚ್ಚಿದ. ನೆಲಕ್ಕೆ ಚುಚ್ಚುವ ಹಾಗೆ, ಮೈಭಾರ ಬಿಟ್ಟು.

ನಾನು ಕೂಗಿದೆ. ಅವನ ಬೆನ್ನಿಗೆ ಬಿದ್ದು ಕೂದಲು ಎಳೆದೆ. ಅವನು ನನ್ನನ್ನು ಗೋಡೆಗೆ ಬಡಿದ. ಅಡಿಗೆಮನೆ ಬಾಗಿಲಲ್ಲಿ ಓರಗಿತ್ತಿ ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದಳು. ಎಲ್ಲ ನೋಡಿದಳು. ಇವರನ್ನು ಮಡಿಲಿಗೆ ಎಳೆದುಕೊಂಡಾಗ ಜೀವ ಇರಲಿಲ್ಲ. ಹಕ್ಕಿ ಅವರ ಕೈಯಲ್ಲೇ ಇತ್ತು. ಅದಕ್ಕೆ ಏನೂ ಆಗಿರಲಿಲ್ಲ.

ಪೊಲೀಸರು ಅಂಟಣ್ಣನನ್ನು ಹಿಡಿದುಕೊಂಡು ಹೋದರು. ಅವನು ಒಂದೇ ಕತೆ ಹೇಳಿದ. ನಾವಿಬ್ಬರೂ ಪಾಲುದಾರರು, ಹಕ್ಕಿ ಸಿಕ್ಕಿಬಿತ್ತು ಅಂತ ಅವನೇ ಹೊಡೆಯಲು ಬಂದ, ಜೀವ ಉಳಿಸಿಕೊಳ್ಳಲು ಚುಚ್ಚಿದೆ. ನಾನು ಠಾಣೆಗೆ ಹೋಗಿ ಕಂಡದ್ದು ಹೇಳಿದೆ. "ಹೆಂಡ್ತಿ ಹಂಗನ್ನದೆ ಇನ್ನೇನಂತಾಳೆ?" ಅಂದರು. ರೇಂಜರ್ ಸಾಹೇಬರು ಕಾವಲು ಕಾಯುವವನೇ ಕಳ್ಳ ಅಂತ ಬರೆದು ಕಳಿಸಿದರು. ಮೇಡಂ ಕೆಲಸ ನಿಂತಿತು. ಹಕ್ಕಿ ನಿಲ್ಲದ ಕಾಡು ಅಂತಾಯಿತು. ಕಂಟ್ರಾಕ್ಟರನ ಆಳುಗಳು ಕಡಿಯುವ ಮರಗಳಿಗೆ ಗುರುತು ಹಾಕಲು ಬಣ್ಣದ ಡಬ್ಬ ಹಿಡಿದು ಹಳ್ಳ ದಾಟಿ ಹೋಗುವುದನ್ನು ನಾನೇ ನೋಡಿದೆ.

ಸತ್ತವರಿಗೆ ಇದು ಎರಡನೇ ಸಾವು. ಅಂಗಡಿಗೆ ಹೋದರೆ ಮಾತು ನಿಲ್ಲಿಸುತ್ತಿದ್ದರು. ಶಾಲೆಯಲ್ಲಿ ಒಬ್ಬ ನನ್ನ ಮಗಳನ್ನು ಹಕ್ಕಿಕಳ್ಳನ ಮಗಳು ಅಂದ. ಅವಳು ಕಲ್ಲೆತ್ತಿ ಅವನ ಹಣೆ ಒಡೆದು ಬಂದಳು. ಮೇಷ್ಟ್ರು ಮನೆಗೆ ಬಂದು ದೂರಿದರು. ಮಗಳನ್ನು ನಾನು ಬಯ್ಯಲಿಲ್ಲ. ಓರಗಿತ್ತಿಯ ಬಾಗಿಲು ಬಡಿದೆ. "ನೀನು ನೋಡಿದೀಯ ಅಕ್ಕ. ಒಂದ್ ಮಾತು ಹೇಳು ಸಾಕು." ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು.

ಅಂಟಣ್ಣ ಜಾಮೀನಿನ ಮೇಲೆ ಬಂದ. ಬಂದವನು ನೆಟ್ಟಗೆ ನಮ್ಮ ಮನೆಗೆ ನುಗ್ಗಿದ.

"ಅವನ ಬಲೆಗಳು ಎಲ್ಲಿವೆ? ನಿಂಗ್ಯಾಕೆ ಅವು, ಮೀನು ಹಿಡೀತೀಯ?"

"ಆಚೆ ನಡಿ."

"ಕಳ್ಳನ ಹೆಂಡ್ತಿಗೆ ಎಷ್ಟು ಬಾಯಿ ನೋಡು."

ಬಲೆಯ ಗಂಟಿಗೆ ಕೈ ಹಾಕಿದ. ನಾನು ಎಳೆದೆ. ಹೊಟ್ಟೆಗೆ ಒದ್ದ. ನಾನು ಸೌದೆ ರಾಶಿಯ ಮೇಲೆ ಬಿದ್ದೆ. ಕೈಗೆ ಮಚ್ಚು ಸಿಕ್ಕಿತು. ಅವನ ಬಲಗೈ ಗಂಟಿನ ಮೇಲಿತ್ತು. ಹೊಡೆದೆ. ಹೆಬ್ಬೆರಳೂ ಪಕ್ಕದ ಬೆರಳೂ ಬಲೆಯ ಮೇಲೆ ಉಳಿದವು, ಅವನು ಅರಚಿಕೊಂಡು ಓಡಿದ. ಅದಕ್ಕೆ ನನ್ನ ಮೇಲೂ ಕೇಸಿದೆ. ನಡೆಯಲಿ.

ಅಷ್ಟಾದರೂ ಅವನು ಬಿಡಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡೇ ಹಳ್ಳದಾಚೆಯಿಂದ ಮತ್ತೆ ಹಕ್ಕಿ ತಂದ. ಕಾಯುವವರು ಯಾರೂ ಇರಲಿಲ್ಲವಲ್ಲ. ಒಂದು ಸಂಜೆ ಗೋಡೆಯಾಚೆ ಗಲಾಟೆ ಕೇಳಿಸಿತು. ಕಣ್ಣು ಹೊಲಿಯಲು ಓರಗಿತ್ತಿ ಒಲ್ಲೆ ಅಂದಿದ್ದಳು. ಅವಳನ್ನು ಬಡಿಯುವ ಸದ್ದು. ಆಮೇಲೆ ಅವನ ದನಿ.

"ನಿಮ್ಮಮ್ಮನ ಕೈಲಾಗಲ್ವಂತೆ. ನೀ ಬಾರೇ ಇಲ್ಲಿ. ಸೂಜಿ ಹಿಡ್ಕೋ. ಅಳ್ತಾ ಹೊಲಿದ್ರೆ ಸೊಟ್ಟಗಾಗತ್ತೆ, ಅಳು ನಿಲ್ಸು."

ಕರೆದದ್ದು ಅವನ ಮಗಳನ್ನು. ನನ್ನ ಮಗಳಿಗಿಂತ ಚಿಕ್ಕದು ಅದು.

ಆಮೇಲೆ ಕಬ್ಬಿಣದ ಬಾಣಲೆಯ ಸದ್ದು. ಒಂದು ಸಲ ಅಲ್ಲ. ಬಟ್ಟೆ ಒಗೆದ ಹಾಗೆ ಓರಗಿತ್ತಿ ಅವನನ್ನು ಬಿಡದೆ ಬಡಿದಳು.

ಓರಗಿತ್ತಿ ಗೋಡೆಯ ಹತ್ತಿರ ಬಂದಳು. ಒಂದು ಕಣ್ಣು ಊದಿ ಮುಚ್ಚಿತ್ತು. ಮಗುವನ್ನು ಎತ್ತಿ ಈಚೆ ಕೊಟ್ಟಳು.

"ಇದನ್ನ ಒಳಗೆ ಬಿಡು. ನೀನು ಬಾ ನನ್ ಜೊತೆ."

"ಎಲ್ಲಿಗೆ?"

"ಸಾಹೇಬ್ರ ಆಫೀಸಿಗೆ. ಅಷ್ಟು ಪಂಜರ ಹೊರೋಕೆ ಒಬ್ಳಿಗೆ ಆಗಲ್ಲ."

"ಅವ್ನು?"

"ಬಿದ್ದಿದಾನೆ. ಸತ್ತಿಲ್ಲ. ಸಾಯೋ ಜಾತಿ ಅಲ್ಲ ಅದು."

ಪಂಜರಗಳನ್ನು ತಲೆಯ ಮೇಲೆ, ಕಂಕುಳಲ್ಲಿ ಇಟ್ಟುಕೊಂಡು ದೊಡ್ಡ ಬೀದಿಯಲ್ಲೇ ನಡೆದೆವು. ಜನ ಎದ್ದು ನಿಂತರು. ಯಾರೋ "ಏನಮ್ಮಾ, ಸಂತೆನಾ?" ಅಂದರು. ಓರಗಿತ್ತಿ "ಹೌದು, ನಿನ್ನನ್ನೂ ಮಾರ್ತೀನಿ ಬಾ" ಅಂದಳು.

ಸಾಹೇಬರ ಮೇಜಿನ ಮೇಲೆ ಕಾಗದಗಳಿದ್ದವು. ಅವುಗಳ ಮೇಲೇ ಪಂಜರ ಇಟ್ಟಳು.

"ಇದೆಲ್ಲ ನನ್ ಗಂಡಂದು. ಮೈದುನಂದು ಒಂದು ಪುಕ್ಕಾನೂ ಇಲ್ಲ ಇದ್ರಲ್ಲಿ. ಅವ್ನು ಪಾಲು ಕೇಳೋಕೆ ಬರ್ಲಿಲ್ಲ, ಪಂಜರ ಬಿಚ್ಚೋಕೆ ಬಂದ. ಇವ್ನು ಹಿಂದಿನಿಂದ ಚುಚ್ಚಿದ. ನಾನಲ್ಲೇ ನಿಂತಿದ್ದೆ."

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಗಂಡ ಸಾಹೇಬ್ರೆ. ಇವತ್ತು ಮಗು ಕೈಗೆ ಸೂಜಿ ಕೊಟ್ಟ. ಗಂಡ ಅನ್ನೋದು ಅಲ್ಲಿಗೆ ಮುಗೀತು."

ಸಾಹೇಬರು ಮೇಡಂಗೂ ಪೊಲೀಸರಿಗೂ ಫೋನ್ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ತಪ್ಪಾಯ್ತಮ್ಮ. ಬರೆದಿದ್ದನ್ನ ತಿದ್ತೀನಿ" ಅಂದರು.

"ಬರೆದಿದ್ದು ನಂಗೆ ಓದಕ್ಕೆ ಬರಲ್ಲ," ಅಂದೆ. "ನೀವು ಹೊಡೆದಿದ್ದು ಬೀದೀಲಿ. ಬೀದೀಲಿ ಬಂದು ಹೇಳಿ."

ಬಂದರು. ಮಾರನೇ ಬೆಳಗ್ಗೆ, ಅದೇ ಜೀಪಿನಲ್ಲಿ, ಅದೇ ಜಾಗಕ್ಕೆ. ದರ್ಜಿ ಹೊಲಿಗೆ ನಿಲ್ಲಿಸಿದ. ಸಾಹೇಬರು ಟೋಪಿ ತೆಗೆದು, "ಹತ್ತಿಕೈ ಕಳ್ಳ ಅಲ್ಲ. ಕಾಡಿಗೋಸ್ಕರ ಸತ್ತ. ನಾನು ಹೊಡೆದಿದ್ದು ತಪ್ಪು" ಅಂದರು.

"ಇನ್ನೊಂದ್ಸಲ," ಅಂದೆ. "ಸೈಕಲ್ ಅಂಗಡಿಯವ್ರಿಗೆ ಕೇಳಿಸ್ಲಿಲ್ಲ."

ಸಾಹೇಬರ ಮುಖ ಕೆಂಪಾಯಿತು. ಆದರೂ ಇನ್ನೊಂದು ಸಲ ಹೇಳಿದರು, ಜೋರಾಗಿ. ಹಿಂದೆ ನಿಂತಿದ್ದ ಮೇಡಂ ನನ್ನ ಕೈ ಹಿಡಿಯಲು ಬಂದರು. ನಾನು ಕೈ ಕೊಡಲಿಲ್ಲ. ಅವರು ಒಳ್ಳೆಯವರು. ಅವತ್ತು ಬಾಯಿ ಬಿಡಬೇಕಾಗಿತ್ತು, ಅಷ್ಟೇ.

ಅಂಟಣ್ಣ ಈಗ ಒಳಗಿದ್ದಾನೆ. ಕಾಡನ್ನು ಕಂಟ್ರಾಕ್ಟರನಿಗೆ ಕೊಡಲಿಲ್ಲ, ಅದು ಮುಚ್ಚಿಯೇ ಇದೆ. ಕಂಟ್ರಾಕ್ಟರ್ ಬಳಿದ ಬಣ್ಣದ ಮೇಲೆ ಪಾಚಿ ಬೆಳೆದಿದೆ. ಓರಗಿತ್ತಿ ಮೇಡಂ ಹತ್ತಿರ ಕೆಲಸಕ್ಕೆ ಹೋಗುತ್ತಾಳೆ. ಕೋಲುಗಳನ್ನು ನಾನೇ ಒಂದೊಂದಾಗಿ ಅಲ್ಲಾಡಿಸಿ ಕಿತ್ತು ತಂದು ಆಫೀಸಿನಲ್ಲಿ ಹಾಕಿದೆ. ಕೋಲು ಹೋದರೂ ಓಣಿ ಹೋಗುವುದಿಲ್ಲ. ಆ ದಾರಿ ಬೇರೆ ಊರಿನವರಿಗೂ ಗೊತ್ತಾಗಿಬಿಟ್ಟಿದೆ. ಅವರು ಮರಕ್ಕೇ ಬಲೆ ಕಟ್ಟಿ ಹೋಗುತ್ತಾರೆ. ಎರಡು ಸಲ ನನ್ನ ಮೇಲೆ ಕಲ್ಲು ಬಿದ್ದಿದೆ. ಒಂದು ಭುಜಕ್ಕೆ, ಒಂದು ಹಲ್ಲಿಗೆ.

ಬೆಳಕು ಹರಿಯುತ್ತಲೇ ಮಗಳನ್ನು ಎಬ್ಬಿಸಿ, ಮಚ್ಚು ತೆಗೆದುಕೊಂಡು ಹಳ್ಳ ದಾಟುತ್ತೇನೆ. ಆ ಹೊತ್ತಿನ ಬೆಳಕಿನಲ್ಲಿ ಬಲೆಯ ದಾರ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಎಡಗೈ ಮುಂದೆ ಚಾಚಿಕೊಂಡು, ಕುರುಡರ ಹಾಗೆ, ಓಣಿಯ ಉದ್ದಕ್ಕೂ ನಿಧಾನವಾಗಿ ನಡೆಯುತ್ತೇನೆ. ಬಲೆ ಇದ್ದರೆ ಮೊದಲು ಮಣಿಕಟ್ಟಿಗೆ ತಾಗುತ್ತದೆ. ಹಕ್ಕಿ ಬದುಕಿದ್ದರೆ ಬಿಡಿಸುತ್ತೇನೆ. ಸತ್ತಿದ್ದರೆ ಪೊದೆಯ ಕೆಳಗೆ ಹಾಕುತ್ತೇನೆ. ಬಲೆಯನ್ನು ಕತ್ತರಿಸಿ ಸುತ್ತಿಕೊಂಡು ಮುಂದಿನ ಓಣಿಗೆ ಹೋಗುತ್ತೇನೆ.